ಮುಳ್ಳು ಚುಚ್ಚಿ ನೋಡಿದ ಮೆಚ್ನಿಕಾಫ್

ಬುರೈದಾದಲ್ಲಿ ಆಗಸ್ಟ್ ಅಂದರೆ ಖರ್ಜೂರದ ತಿಂಗಳು. ಕಳೆದ ವರ್ಷ ನಾವು ರೂಮಿನವರೆಲ್ಲ ಸೇರಿ ಊರಾಚೆಯ ಒಂದು ತೋಟ ನೋಡಲು ಹೋಗಿದ್ದೆವು. ಸಾಗರದ ಕಡೆಯವನಾದ ನನಗೆ ಅಡಿಕೆ, ತೆಂಗಿನ ಗರಿ ಹಿಡಿದು ಎಳೆಯುವ ಅಭ್ಯಾಸ. ಅದೇ ಧೈರ್ಯದಲ್ಲಿ ಖರ್ಜೂರದ ಗರಿಗೂ ಕೈ ಹಾಕಿದೆ. ಆ ಗರಿಯ ಬುಡದಲ್ಲಿ ಸೂಜಿಯಂಥ ಉದ್ದ ಮುಳ್ಳುಗಳಿರುತ್ತವೆ ಅಂತ ಆಮೇಲೆ ಗೊತ್ತಾಯ್ತು. ಒಂದು ಮುಳ್ಳು ತೋರುಬೆರಳಿಗೆ ಹೊಕ್ಕು ತುದಿ ಒಳಗೇ ಮುರಿಯಿತು. ಮರುದಿನ ಬೆಳಿಗ್ಗೆ ಬೆರಳು ಕೆಂಪಾಗಿ, ಬಿಸಿಯಾಗಿ, ಬಾಳೆಕಾಯಿಯ ಹಾಗೆ ಊದಿಕೊಂಡಿತ್ತು. ಮುಳ್ಳಿನ ತುಂಡು ತೆಗೆಸಿದ ಮೇಲೆ ವಾರದಲ್ಲಿ ವಾಸಿಯಾಯ್ತು.

ಅದೇ ದಿನಗಳಲ್ಲಿ ಊರಿನಿಂದ ಅಮ್ಮನ ರಕ್ತಪರೀಕ್ಷೆಯ ವರದಿ ವಾಟ್ಸಾಪ್‌ನಲ್ಲಿ ಬಂತು. ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಆಗಲ್ಲ, ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದಂತೂ ನಿಂತೇಹೋಗಿತ್ತು. ನನ್ನ ಬೆರಳಿನಲ್ಲಿ ಇದ್ದದ್ದೇ ಅವರ ಬೆರಳಿನಲ್ಲೂ ಇತ್ತು: ಕೆಂಪು, ಬಿಸಿ, ಊತ, ನೋವು. ಆದರೆ ಅವರಿಗೆ ಯಾವ ಮುಳ್ಳೂ ಚುಚ್ಚಿರಲಿಲ್ಲ. ತನ್ನ ಮೈಯೇ ತನಗೆ ಯಾಕೆ ಹೀಗೆ ಮಾಡ್ತಿದೆ ಅಂತ ಅಮ್ಮ ಫೋನಿನಲ್ಲಿ ಕೇಳಿದರು. ಸೂಕ್ಷ್ಮಾಣುಜೀವಿಶಾಸ್ತ್ರ ಓದುವ ಮಗ ಅಂತ ನನ್ನ ಮೇಲೆ ಅವರಿಗೆ ಸ್ವಲ್ಪ ನಂಬಿಕೆ ಜಾಸ್ತಿ. ಉತ್ತರ ಹುಡುಕುತ್ತಾ ಹೋದಾಗ ನಾನು ಮತ್ತೆ ಮತ್ತೆ ಬಂದು ನಿಂತದ್ದು ಇಲ್ಯಾ ಮೆಚ್ನಿಕಾಫ್ ಎಂಬ ಒಬ್ಬರ ಬದುಕಿನ ಮುಂದೆ. ಪಠ್ಯಪುಸ್ತಕದಲ್ಲಿ ಅವರ ಹೆಸರು ಎರಡು ಸಾಲಿನಲ್ಲಿ ಮುಗಿಯುತ್ತದೆ. ಬದುಕು ಅಷ್ಟು ಸುಲಭವಾಗಿರಲಿಲ್ಲ.

ಮೆಚ್ನಿಕಾಫ್ ಹುಟ್ಟಿದ್ದು 1845ರ ಮೇ ತಿಂಗಳಲ್ಲಿ, ಆಗಿನ ರಷ್ಯಾ ಸಾಮ್ರಾಜ್ಯದ ಖಾರ್ಕೋವ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಈಗ ಅದು ಉಕ್ರೇನಿನಲ್ಲಿದೆ. ಅಪ್ಪ ಸೈನ್ಯಾಧಿಕಾರಿ, ಅಮ್ಮ ಯಹೂದಿ ಮೂಲದ ಮನೆತನದವರು. ಹುಡುಗ ಒಂದು ಕಡೆ ಕೂತವನಲ್ಲ. ಮನೆಯಲ್ಲಿ ಪಾದರಸ ಅಂತ ಅಡ್ಡಹೆಸರು. ಎಂಟು ವರ್ಷಕ್ಕೇ ಗಿಡಗಳ ಬಗ್ಗೆ ಟಿಪ್ಪಣಿ ಮಾಡಿಕೊಂಡು ಅಣ್ಣತಮ್ಮಂದಿರಿಗೆ ಉಪನ್ಯಾಸ ಕೊಡುತ್ತಿದ್ದ. ಅವರು ಎದ್ದು ಓಡಿಹೋಗಬಾರದಲ್ಲ, ಅದಕ್ಕೆ ತನ್ನ ಕೈಖರ್ಚಿನ ಕಾಸನ್ನು ಅವರಿಗೆ ಕೊಟ್ಟು ಕೂರಿಸುತ್ತಿದ್ದನಂತೆ. (ನಮ್ಮ ಕೆಲವು ಸೆಮಿನಾರುಗಳಿಗೂ ಈ ಪದ್ಧತಿ ತಂದರೆ ಒಳ್ಳೆಯದು.) ಮುಂದೆ ವೈದ್ಯಕೀಯ ಓದುತ್ತೇನೆ ಅಂದಾಗ ತಾಯಿ ಬೇಡ ಎಂದರು. ಬೇರೆಯವರ ನೋವು ನೋಡಿ ತಡೆದುಕೊಳ್ಳುವ ಮನಸ್ಸು ಈ ಮಗನದಲ್ಲ ಅಂತ ಅವರಿಗೆ ಗೊತ್ತಿತ್ತು. ಆತ ಪ್ರಾಣಿಶಾಸ್ತ್ರ ಆರಿಸಿಕೊಂಡ. ಖಾರ್ಕೋವ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಓದನ್ನು ಎರಡೇ ವರ್ಷದಲ್ಲಿ ಮುಗಿಸಿ, ಜರ್ಮನಿಗೆ, ಅಲ್ಲಿಂದ ಇಟಲಿಯ ನೇಪಲ್ಸ್‌ಗೆ ಹೋದ.

1865ರಲ್ಲಿ ಜರ್ಮನಿಯಲ್ಲಿ ಒಂದು ಚಪ್ಪಟೆಹುಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅವರು ಗಮನಿಸಿದ ಒಂದು ಸಂಗತಿ ಮುಂದಿನದಕ್ಕೆಲ್ಲ ಬೀಜ. ಆ ಹುಳದ ಜೀವಕೋಶಗಳು ಆಹಾರದ ಕಣಗಳನ್ನು ಸೀದಾ ನುಂಗಿ ತಮ್ಮೊಳಗೇ ಅರಗಿಸಿಕೊಳ್ಳುತ್ತಿದ್ದವು. ಸಣ್ಣ ಸಂಗತಿ, ಆಗ ಯಾರೂ ಹೆಚ್ಚು ಗಮನ ಕೊಡಲಿಲ್ಲ.

22ನೇ ವಯಸ್ಸಿಗೆ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದರು. ಅವರ ಕೆಲವು ವಿದ್ಯಾರ್ಥಿಗಳು ಅವರಿಗಿಂತ ದೊಡ್ಡವರು. 1869ರಲ್ಲಿ ಲುದ್ಮಿಲಾ ಎಂಬ ಹುಡುಗಿಯನ್ನು ಮದುವೆಯಾದರು. ಆಕೆಗೆ ಕ್ಷಯ. ಮದುವೆಯ ದಿನ ಚರ್ಚಿನೊಳಗೆ ನಡೆಯಲಾರದೆ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗಬೇಕಾಯಿತು. ನಾಲ್ಕು ವರ್ಷ ಬಿಸಿಲು, ಒಳ್ಳೆಯ ಗಾಳಿ ಹುಡುಕಿಕೊಂಡು ಊರೂರು ತಿರುಗಿದ್ದಾಯ್ತು. ದುಡ್ಡಿಗಾಗಿ ಅನುವಾದ ಮಾಡಿದರು, ಕಣ್ಣು ಕೆಡುವಷ್ಟು ಕೆಲಸ ಮಾಡಿದರು. 1873ರ ಏಪ್ರಿಲ್‌ನಲ್ಲಿ ಮದೀರಾ ದ್ವೀಪದಲ್ಲಿ ಲುದ್ಮಿಲಾ ತೀರಿಕೊಂಡರು.

ಆಮೇಲಿನದನ್ನು ಮುಚ್ಚಿಡುವುದು ಸರಿಯಲ್ಲ ಅನಿಸುತ್ತದೆ. ಆ ದುಃಖದಲ್ಲಿ ಮೆಚ್ನಿಕಾಫ್ ಜೀವ ಕಳೆದುಕೊಳ್ಳಲು ಯತ್ನಿಸಿದರು, ಬದುಕಿ ಉಳಿದರು. ಆ ದಿನಗಳಲ್ಲೇ ಒಂದು ರಾತ್ರಿ ಜಿನೀವಾದಲ್ಲಿ ಸೇತುವೆಯ ಮೇಲೆ ದೀಪದ ಸುತ್ತ ಹಾರುವ ಹುಳುಗಳ ಗುಂಪು ಕಂಡಿತು. ಕೆಲವೇ ಗಂಟೆ ಬದುಕುವ ಈ ಹುಳುಗಳಿಗೆ ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆ ಹೇಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ತಲೆಗೆ ಹೊಕ್ಕಿತು. ಪ್ರಶ್ನೆ ಹಿಡಿದುಕೊಂಡು ಮನುಷ್ಯ ಮನೆಗೆ ವಾಪಸ್ ಬಂದರು. 1875ರಲ್ಲಿ ಓಲ್ಗಾ ಎಂಬಾಕೆಯೊಂದಿಗೆ ಎರಡನೇ ಮದುವೆ. ಈ ಓಲ್ಗಾ ಅವರೇ ಮುಂದೆ ಗಂಡನ ಜೀವನಚರಿತ್ರೆ ಬರೆದವರು. ನಮಗೆ ಇಷ್ಟೆಲ್ಲ ಗೊತ್ತಿರುವುದು ಹೆಚ್ಚಾಗಿ ಅವರಿಂದಲೇ. ಐದು ವರ್ಷದ ನಂತರ ಓಲ್ಗಾಗೆ ಟೈಫಾಯ್ಡ್ ಬಂದು ಸಾವಿನ ಬಾಗಿಲಿಗೆ ಹೋದಾಗ ಮೆಚ್ನಿಕಾಫ್ ಮತ್ತೆ ಕುಸಿದರು. ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮಗೇ ಚುಚ್ಚಿಕೊಂಡು ತೀವ್ರ ಕಾಯಿಲೆ ಬಿದ್ದರು. ಇಬ್ಬರೂ ಉಳಿದರು.

ಇಷ್ಟರಲ್ಲಿ ರಷ್ಯಾದಲ್ಲಿ ರಾಜಕೀಯ ಕೆಟ್ಟಿತ್ತು. 1881ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಹಿಡಿತ ಬಿಗಿಯಾಯಿತು. 1882ರಲ್ಲಿ ಮೆಚ್ನಿಕಾಫ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಓಲ್ಗಾ ಮತ್ತು ಅವರ ತಮ್ಮತಂಗಿಯರನ್ನು ಕರೆದುಕೊಂಡು ಸಿಸಿಲಿಯ ಮೆಸ್ಸೀನಾ ಎಂಬ ಕಡಲೂರಿಗೆ ಹೋದರು. ಕೆಲಸ ಇಲ್ಲ, ಪದವಿ ಇಲ್ಲ, ಮನೆಯ ಹಜಾರದಲ್ಲಿ ಒಂದು ಸೂಕ್ಷ್ಮದರ್ಶಕ ಮಾತ್ರ.

ಆ ಚಳಿಗಾಲದ ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನಲ್ಲಿ ಕೋತಿಗಳ ಆಟ ನೋಡಲು ಹೋಗಿದ್ದರು. ಇವರೊಬ್ಬರೇ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಾ ಕೂತಿದ್ದರು. ಆ ಮರಿಗಳು ಗಾಜಿನಂತೆ ಪಾರದರ್ಶಕ. ಒಳಗೆ ಓಡಾಡುವ ಕೋಶಗಳು ಹಾಗೇ ಕಾಣುತ್ತವೆ. ಹುಳದಲ್ಲಿ ಆಹಾರ ನುಂಗುತ್ತಿದ್ದಂಥ ಕೋಶಗಳೇ ಇವೂ. ಆದರೆ ಈ ಮರಿಯಲ್ಲಿ ಊಟ ಅರಗಿಸಲು ಬೇರೆ ಹೊಟ್ಟೆ ಇದೆ. ಹಾಗಾದರೆ ಈ ಅಲೆಮಾರಿ ಕೋಶಗಳಿಗೆ ಕೆಲಸವೇನು? ಹೊರಗಿನಿಂದ ಬಂದ ಶತ್ರುವನ್ನು ನುಂಗುವುದಿರಬಹುದೇ? ಈ ಯೋಚನೆ ಬಂದದ್ದೇ ಅವರಿಗೆ ಕೂರಲಾಗಲಿಲ್ಲ, ಎದ್ದು ಶತಪಥ ಹಾಕಿದರು. ಮನೆಯ ಅಂಗಳದಲ್ಲಿ ಮಕ್ಕಳಿಗಾಗಿ ಒಂದು ಪುಟ್ಟ ಕಿತ್ತಳೆ ಗಿಡವನ್ನು ಕ್ರಿಸ್‌ಮಸ್ ಮರವಾಗಿ ಸಿಂಗರಿಸಿದ್ದರು. ಅಲ್ಲಿಗೆ ಹೋಗಿ ಕೆಲವು ಗುಲಾಬಿ ಮುಳ್ಳುಗಳನ್ನು ಕಿತ್ತು ತಂದು, ನಕ್ಷತ್ರಮೀನಿನ ಮರಿಗಳ ಚರ್ಮದೊಳಗೆ ಮೆಲ್ಲಗೆ ಸೇರಿಸಿದರು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ನೋಡಿದರೆ ಪ್ರತಿ ಮುಳ್ಳಿನ ಸುತ್ತಲೂ ಅಲೆಮಾರಿ ಕೋಶಗಳು ದಟ್ಟವಾಗಿ ಮುತ್ತಿಕೊಂಡಿದ್ದವು.

ಈ ಕಥೆಯನ್ನು ಮೆಚ್ನಿಕಾಫ್ ಬರೆದದ್ದು ಬಹಳ ವರ್ಷಗಳ ನಂತರ, 1908ರ ಡಿಸೆಂಬರಿನಲ್ಲಿ ಮೆಸ್ಸೀನಾ ಭೂಕಂಪದಲ್ಲಿ ನೆಲಸಮವಾದಾಗ. ನೆನಪು ಸ್ವಲ್ಪ ಬಣ್ಣ ಹಚ್ಚಿರಬಹುದು. ಆದರೆ ಪ್ರಯೋಗವನ್ನು ಯಾರು ಬೇಕಾದರೂ ಮಾಡಿ ನೋಡಬಹುದಿತ್ತು, ಮಾಡಿದರು ಕೂಡ. ಅಮ್ಮನಿಗೆ ಫೋನಿನಲ್ಲಿ ಇಷ್ಟು ಹೇಳಿದಾಗ ಅವರು ಕೇಳಿದ್ದು ಒಂದೇ, ಆ ಮೀನಿನ ಮರಿಗೆ ಆಮೇಲೆ ಏನಾಯ್ತು ಅಂತ.

ಇದರಲ್ಲಿ ಅಂಥ ದೊಡ್ಡದೇನಿದೆ ಅಂತ ಈಗ ಅನಿಸಬಹುದು. ಆಗಿನ ವೈದ್ಯರು ಉರಿಯೂತವನ್ನು ಕಾಯಿಲೆ ಅಂತಲೇ ನೋಡುತ್ತಿದ್ದರು. ಗಾಯದ ಜಾಗಕ್ಕೆ ರಕ್ತನಾಳದಿಂದ ಬಿಳಿ ರಕ್ತಕಣಗಳು ಹೊರಬರುವುದನ್ನು 1867ರಲ್ಲೇ ಕೋನ್‌ಹೈಮ್ ಎಂಬ ಜರ್ಮನ್ ವಿಜ್ಞಾನಿ ತೋರಿಸಿದ್ದರು. ಆದರೆ ನಾಳ ಕೆಟ್ಟು ಸೋರುತ್ತಿದೆ ಅಂತ ಅದರ ಅರ್ಥ ಮಾಡಿದ್ದರು. ಬಿಳಿ ಕಣಗಳೊಳಗೆ ರೋಗಾಣು ಕಂಡರೆ, ರೋಗಾಣುವನ್ನು ಮೈತುಂಬ ಹೊತ್ತು ಹಂಚುವ ಗಾಡಿಗಳಿವು ಅಂತ ಹಲವರು ತಿಳಿದಿದ್ದರು. ನಕ್ಷತ್ರಮೀನಿನ ಮರಿಗೆ ರಕ್ತನಾಳವೂ ಇಲ್ಲ, ನರಮಂಡಲವೂ ಹೇಳಿಕೊಳ್ಳುವಂಥದ್ದಲ್ಲ. ಆದರೂ ಕೋಶಗಳು ತಾವಾಗಿ ನಡೆದುಬಂದವು. ಹಾಗಾದರೆ ನಾಳ ಸೋರುವ ಮಾತು ಎಲ್ಲಿ ಬಂತು? ಊತ, ಕೆಂಪು, ಬಿಸಿ, ಕೀವು ಎಲ್ಲವೂ ಮೈ ಮಾಡುವ ಕೆಲಸದ ಗುರುತು ಅಂತ ಮೆಚ್ನಿಕಾಫ್ ಹೇಳಿದರು. ಮೆಸ್ಸೀನಾಗೆ ಬಂದಿದ್ದ ರೋಗಶಾಸ್ತ್ರದ ಹಿರಿಯ ವಿರ್ಕೋ ನೋಡಿ ಮೆಚ್ಚಿದರು, ಆದರೆ ಎಚ್ಚರಿಕೆಯಿಂದ ಮುಂದುವರಿಯಲು ಹೇಳಿದರು. ವಿಯೆನ್ನಾದ ಪ್ರಾಣಿಶಾಸ್ತ್ರಜ್ಞ ಕ್ಲಾಸ್ ಈ ಕೋಶಗಳಿಗೆ ಗ್ರೀಕ್ ಹೆಸರು ಹುಡುಕಿಕೊಟ್ಟರು: ಫ್ಯಾಗೋಸೈಟ್, ಅಂದರೆ ತಿನ್ನುವ ಕೋಶ. ಕನ್ನಡದಲ್ಲಿ ಭಕ್ಷಕ ಕೋಶ ಅನ್ನುತ್ತೇವೆ.

ಮುಳ್ಳು ಜೀವಿಯಲ್ಲ, ನಿಜವಾದ ರೋಗದಲ್ಲಿ ತೋರಿಸಬೇಕಲ್ಲ? ಅದಕ್ಕೆ ಡಾಫ್ನಿಯಾ ಎಂಬ ನೀರುಚಿಗಟ ಸಿಕ್ಕಿತು. ಅದೂ ಪಾರದರ್ಶಕ. ಅದಕ್ಕೆ ಸೂಜಿಯಾಕಾರದ ಬೀಜಕಣಗಳಿರುವ ಒಂದು ಶಿಲೀಂಧ್ರದ ರೋಗ ಬರುತ್ತದೆ. ನುಂಗಿದ ಬೀಜಕಣ ಕರುಳನ್ನು ತೂರಿ ಹೊರಬಂದ ಕೂಡಲೇ ಭಕ್ಷಕ ಕೋಶಗಳು ಸುತ್ತುವರಿದು ಕರಗಿಸುತ್ತವೆ. ಕೋಶ ಗೆದ್ದರೆ ಚಿಗಟ ಬದುಕುತ್ತದೆ. ಬೀಜಕಣ ಹೆಚ್ಚಾಗಿ ಮೊಳೆತರೆ ಚಿಗಟ ಸಾಯುತ್ತದೆ. 1884ರಲ್ಲಿ ಈ ಯುದ್ಧವನ್ನು ಕಣ್ಣಾರೆ ಕಂಡದ್ದನ್ನು ಅವರು ಪ್ರಕಟಿಸಿದರು.

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ಕಡಿತಕ್ಕೆ ಪಾಸ್ಚರರ ಲಸಿಕೆ ಕೊಡುವ ಕೇಂದ್ರವೊಂದು ಶುರುವಾಗಿ, ಮೆಚ್ನಿಕಾಫ್ ಅದರ ಮುಖ್ಯಸ್ಥರಾದರು. ಆದರೆ ಅವರು ವೈದ್ಯರಲ್ಲ ಅಂತ ಸ್ಥಳೀಯ ವೈದ್ಯರ ಕಿರಿಕಿರಿ. ಕೇಂದ್ರದಿಂದ ಹೋದ ಅಂಥ್ರಾಕ್ಸ್ ಲಸಿಕೆ ಚುಚ್ಚಿಸಿಕೊಂಡ ಸಾವಿರಾರು ಕುರಿಗಳು ಸತ್ತವು. ಆಗ ಇವರು ಊರಲ್ಲಿರಲಿಲ್ಲ, ಆದರೂ ಹೊಣೆ ತಪ್ಪುವುದಿಲ್ಲವಲ್ಲ. 1888ರಲ್ಲಿ ಒಡೆಸ್ಸಾ ಬಿಟ್ಟು ಪ್ಯಾರಿಸ್ಸಿಗೆ ಹೋದರು. ಪಾಸ್ಚರ್ ತಮ್ಮ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟರು. ಉಳಿದ 28 ವರ್ಷವೂ ಅಲ್ಲೇ.

ಇಲ್ಲಿ ನಮ್ಮ ನಾಡಿಗೆ ಸೇರಿದ ಒಂದು ಎಳೆ ಇದೆ. ಒಡೆಸ್ಸಾದಲ್ಲಿ ಮೆಚ್ನಿಕಾಫರ ವಿದ್ಯಾರ್ಥಿಯಾಗಿದ್ದ ವಾಲ್ಡೆಮಾರ್ ಹಾಫ್ಕಿನ್ ಗುರುವಿನ ಹಿಂದೆಯೇ ಪಾಸ್ಚರ್ ಸಂಸ್ಥೆಗೆ ಬಂದು, ಮೊದಲು ಗ್ರಂಥಾಲಯದಲ್ಲಿ ಕೆಲಸ ಮಾಡಿದರು. ಆಮೇಲೆ ಕಾಲರಾ ಲಸಿಕೆ ಕಂಡುಹಿಡಿದು 1893ರಲ್ಲಿ ಭಾರತಕ್ಕೆ ಬಂದರು. ಮುಂಬಯಿಯಲ್ಲಿ ಪ್ಲೇಗ್ ಹೊತ್ತಿಕೊಂಡಾಗ ಪ್ಲೇಗಿಗೂ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗ್ ಹಬ್ಬಿದಾಗ ಸಾವಿರಾರು ಜನ ಈ ಲಸಿಕೆ ಹಾಕಿಸಿಕೊಂಡರು. ಅದೇ ವರ್ಷ ಬೆಂಗಳೂರಿಗೂ ಮಾರಿ ಬಂತು. ಊರು ಬಿಟ್ಟು ಹೊರಗೆ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆ ಬೆಳೆದದ್ದು, ಪ್ಲೇಗಮ್ಮನ ಗುಡಿಗಳು ಎದ್ದದ್ದು ಆ ಕಾಲದಲ್ಲೇ. ನಮ್ಮ ಮುತ್ತಜ್ಜಿಯರ ತೋಳಿಗೆ ಬಿದ್ದ ಸೂಜಿಯ ಹಿಂದೆ ಮೆಚ್ನಿಕಾಫರ ಪಾಠದ ಕೋಣೆಯೂ ಇತ್ತು.

ಪ್ಯಾರಿಸ್ಸಿನಲ್ಲಿ ಅವರಿಗೆ ಜಾಗ ಸಿಕ್ಕಿತು, ನೆಮ್ಮದಿ ಸಿಗಲಿಲ್ಲ. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿತಾಸಾಟೊ, ಧನುರ್ವಾಯುವಿನ ವಿಷವನ್ನು ರಕ್ತದ ಸೀರಂ ಒಂದೇ ನಿಷ್ಫಲ ಮಾಡಬಲ್ಲದು ಅಂತ ತೋರಿಸಿದರು. ಕೋಶ ಬೇಡ, ರಕ್ತದ ದ್ರವದಲ್ಲೇ ಶಕ್ತಿ ಇದೆ ಎಂದು ಜರ್ಮನರ ಪಕ್ಷ ಗಟ್ಟಿಯಾಯಿತು. 1894ರಲ್ಲಿ ಫೈಫರ್, ಗಿನಿಪಿಗ್ಗಿನ ಹೊಟ್ಟೆಯೊಳಗೆ ಕಾಲರಾ ಸೂಕ್ಷ್ಮಾಣುಗಳು ಯಾವ ಕೋಶದ ಸಹಾಯವೂ ಇಲ್ಲದೆ ಕರಗುವುದನ್ನು ತೋರಿಸಿದರು. ಮೆಚ್ನಿಕಾಫ್ ಪ್ರತಿಯೊಂದಕ್ಕೂ ಪ್ರಯೋಗದಿಂದಲೇ ಉತ್ತರ ಕೊಡಲು ಹೊರಟರು. ಸಭೆಗಳಲ್ಲಿ ಕೂದಲು ಕೆದರಿಕೊಂಡು, ಉದ್ವೇಗದಿಂದ. ಎದುರು ಪಕ್ಷದ ಸತ್ಯವನ್ನು ಒಪ್ಪುವುದರಲ್ಲಿ ಅವರು ನಿಧಾನ, ಇದನ್ನೂ ಹೇಳಬೇಕು. ವಿಚಿತ್ರ ಅಂದರೆ ದ್ರವಪಕ್ಷದ ಒಂದು ದೊಡ್ಡ ಶೋಧ, ಈಗ ಕಾಂಪ್ಲಿಮೆಂಟ್ ಅನ್ನುವ ರಕ್ತದ ಅಂಶ, ಸ್ಪಷ್ಟವಾದದ್ದು ಅವರದೇ ಪ್ರಯೋಗಾಲಯದ ಯುವಕ ಜೂಲ್ಸ್ ಬೋರ್ಡೆ ಕೈಯಲ್ಲಿ. 1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟ್, ರಕ್ತದ ದ್ರವದಲ್ಲಿರುವ ಪದಾರ್ಥಗಳು ರೋಗಾಣುವಿಗೆ ಅಂಟಿಕೊಂಡರೆ ಭಕ್ಷಕ ಕೋಶ ಅದನ್ನು ಸುಲಭವಾಗಿ ನುಂಗುತ್ತದೆ ಅಂದರು. ಅಲ್ಲಿಗೆ ಎರಡು ಪಕ್ಷವೂ ಅರ್ಧರ್ಧ ಸರಿ. 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್ ಮತ್ತು ದ್ರವಪಕ್ಷದ ಪಾಲ್ ಎರ್ಲಿಕ್ ಇಬ್ಬರಿಗೂ ಹಂಚಿದರು.

ಈ ಜಗಳದ ಇಬ್ಬರೂ ಊಹಿಸದ ಒಂದು ಜಾಗ ವೈರಸ್. ಮೆಚ್ನಿಕಾಫರ ಕಾಲದಲ್ಲಿ ವೈರಸ್ ಅಂದರೆ ಸೋಸುಗದಲ್ಲೂ ಹಿಡಿಯಲಾಗದ ಏನೋ ಒಂದು, ಅಷ್ಟೇ. ನಮ್ಮೂರಿನ ಮಳೆಗಾಲದ ಡೆಂಗ್ಯೂವನ್ನೇ ತೆಗೆದುಕೊಳ್ಳಿ. ಆ ವೈರಸ್ ಹೊಗುವುದೇ ಮೆಚ್ನಿಕಾಫ್ ಮ್ಯಾಕ್ರೋಫೇಜ್ ಅಂತ ಹೆಸರಿಟ್ಟ ದೊಡ್ಡ ಭಕ್ಷಕ ಕೋಶ ಮತ್ತು ಅದರ ಬಳಗದೊಳಗೆ. ಡೆಂಗ್ಯೂದಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದವರಿಗೆ ಇನ್ನೊಂದು ಬಗೆ ಬಂದಾಗ, ಹಳೆಯ ಪ್ರತಿಕಾಯಗಳು ಹೊಸ ವೈರಸ್ಸಿಗೆ ಅಂಟಿಯೂ ಕೊಲ್ಲಲಾರದೆ, ಅದನ್ನು ಕೋಶದ ಬಾಯಿಗೆ ತಾವೇ ತಲುಪಿಸಿಬಿಡಬಹುದು. ಎರ್ಲಿಕ್ ಕಡೆಯ ಪ್ರತಿಕಾಯ, ಮೆಚ್ನಿಕಾಫ್ ಕಡೆಯ ಭಕ್ಷಕ ಕೋಶ, ಎರಡೂ ಸೇರಿ ವೈರಸ್ಸಿಗೆ ಕೆಲಸ ಮಾಡಿಕೊಟ್ಟ ಹಾಗೆ. ಬಿಳಿ ಕಣ ರೋಗಾಣುವನ್ನು ಹೊರುವ ಗಾಡಿ ಅಂತ ಹಳಬರು ಹೇಳಿದ್ದು ಇಂಥ ಕಡೆ ಪೂರ್ತಿ ಸುಳ್ಳೂ ಅಲ್ಲ.

ನಾವಿರುವ ಈ ದೇಶದಲ್ಲೂ ಉದಾಹರಣೆ ಇದೆ. 2012ರಲ್ಲಿ ಜಿದ್ದಾದ ಒಬ್ಬ ರೋಗಿಯಲ್ಲಿ ಮೊದಲು ಗುರುತಿಸಿದ ಮೆರ್ಸ್ ಕೊರೊನಾವೈರಸ್ ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಬುರೈದಾದ ಒಂಟೆ ಸಂತೆ ನೋಡದವರು ನಮ್ಮಲ್ಲಿ ಕಡಿಮೆ. ಈ ವೈರಸ್ ಮನುಷ್ಯನ ಮ್ಯಾಕ್ರೋಫೇಜ್‌ಗಳೊಳಗೂ ಬೆಳೆಯಬಲ್ಲದು ಅಂತ ಪ್ರಯೋಗಾಲಯಗಳಲ್ಲಿ ಕಂಡಿದೆ. ಕೋವಿಡ್‌ನಲ್ಲಂತೂ ಎಲ್ಲರೂ ನೋಡಿದೆವು. ಕಾಯಿಲೆ ಜೋರಾದ ಎಷ್ಟೋ ಜನರಲ್ಲಿ ಶ್ವಾಸಕೋಶವನ್ನು ಕೆಡಿಸಿದ್ದರಲ್ಲಿ ವೈರಸ್ಸಿನ ಜೊತೆಗೆ ಅದರ ಮೇಲೆ ಮುಗಿಬಿದ್ದ ರಕ್ಷಣಾ ಕೋಶಗಳ ಪಾಲೂ ಇತ್ತು. 2020ರಲ್ಲಿ ಆಮ್ಲಜನಕ ಬೇಕಾದ ರೋಗಿಗಳ ಸಾವನ್ನು ತಗ್ಗಿಸಿದ ಡೆಕ್ಸಾಮೆಥಾಸೋನ್ ಮಾಡುವುದು ಉರಿಯೂತವನ್ನು ತಣಿಸುವ ಕೆಲಸ. ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ.

ಅಮ್ಮನ ಬೆರಳಿನಲ್ಲೂ ಇವೇ ಕೋಶಗಳು. ಕೀಲಿನ ಒಳಪದರದಲ್ಲಿ ಮ್ಯಾಕ್ರೋಫೇಜ್‌ಗಳು ಜಮಾಯಿಸಿ, ಉರಿಯೂತ ಹೆಚ್ಚಿಸುವ ಟಿಎನ್ಎಫ್ ಎಂಬ ಪದಾರ್ಥವನ್ನು ಸುರಿಸುತ್ತಿರುತ್ತವೆ. ಮುಳ್ಳು ಇಲ್ಲದೆಯೇ ಮುಳ್ಳಿದೆ ಅಂತ ನಂಬಿಕೊಂಡ ಕೋಶಗಳು. ಅವರು ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಈ ಗಲಾಟೆಯನ್ನು ತಗ್ಗಿಸುತ್ತದೆ. ಮೈ ಶತ್ರುವಾಗಿಲ್ಲ, ಕಾವಲು ಕಾಯುತ್ತಾ ತಪ್ಪು ಮನೆಗೆ ನುಗ್ಗಿದೆ ಅಂತ ಹೇಳಿದೆ. ಒಪ್ಪಿದರೋ ಇಲ್ಲವೋ, ನಡುವೆ ಬಿಟ್ಟಿದ್ದ ಮಾತ್ರೆಯನ್ನು ಮತ್ತೆ ಶುರು ಮಾಡಿದ್ದಾರೆ.

ಈ ತಿರುವಿನ ಸುಳಿವು ಮೆಚ್ನಿಕಾಫರಿಗೂ ಇತ್ತು. ವಯಸ್ಸಾದಂತೆ ಮ್ಯಾಕ್ರೋಫೇಜ್‌ಗಳು ನಮ್ಮದೇ ನರಕೋಶಗಳನ್ನು ತಿನ್ನಲು ತೊಡಗುತ್ತವೆ, ಕೂದಲಿನ ಬಣ್ಣವನ್ನೂ ಅವೇ ತಿಂದು ಬಿಳಿ ಮಾಡುತ್ತವೆ ಅಂತ ಅವರು ಬರೆದರು. ಕೂದಲಿನ ವಿಷಯದಲ್ಲಿ ತಪ್ಪಿದರು. ಕಾಯುವ ಕೋಶವೇ ಕೆಡಿಸಬಹುದು ಎಂಬ ಮಾತಿನಲ್ಲಿ ತಪ್ಪಲಿಲ್ಲ. ಕರುಳಿನ ಕೆಟ್ಟ ಸೂಕ್ಷ್ಮಾಣುಗಳ ವಿಷವೇ ಮುಪ್ಪಿಗೆ ಕಾರಣ, ಹುಳಿ ಹಾಲಿನ ಸೂಕ್ಷ್ಮಾಣು ಅದಕ್ಕೆ ಮದ್ದು ಎಂಬುದು ಅವರ ಕೊನೆಯ ವರ್ಷಗಳ ಹಟ. ಹಿಂದೆ ಕಾಲರಾ ಸೂಕ್ಷ್ಮಾಣುವನ್ನು ತಾವೇ ಕುಡಿದು ಏನೂ ಆಗದೆ ಉಳಿದಿದ್ದರು. ಅದೇ ಪ್ರಯೋಗಕ್ಕೆ ಒಪ್ಪಿದ ಒಬ್ಬ ಯುವಕ ಮಾತ್ರ ಸಾಯುವಷ್ಟು ಕಾಯಿಲೆ ಬಿದ್ದು ಚೇತರಿಸಿಕೊಂಡ. ಕರುಳಿನಲ್ಲಿರುವ ಬೇರೆ ಸೂಕ್ಷ್ಮಾಣುಗಳೇ ಈ ವ್ಯತ್ಯಾಸಕ್ಕೆ ಕಾರಣವಿರಬೇಕು ಎಂಬ ಯೋಚನೆ ಅಲ್ಲಿಂದ ಬೆಳೆಯಿತು. ಬಲ್ಗೇರಿಯಾದ ಮೊಸರು ಯೂರೋಪಿನಲ್ಲೆಲ್ಲ ಫ್ಯಾಷನ್ ಆದದ್ದು ಇವರಿಂದ. ಮೊಸರನ್ನ ಉಂಡು ಬೆಳೆದು, ಈಗ ಬಕಾಲಾದಲ್ಲಿ ದಿನಾ ಲಬನ್ ಕೊಳ್ಳುವ ನಮಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಅವರು ಮಾತ್ರ ಅದರಿಂದ ಬಹಳ ವರ್ಷ ಬದುಕಬಹುದು ಅಂತಲೇ ಆಸೆ ಇಟ್ಟಿದ್ದರು.

1914ರಲ್ಲಿ ಮಹಾಯುದ್ಧ ಶುರುವಾಗಿ ಸಂಸ್ಥೆಯ ಯುವಕರೆಲ್ಲ ರಣರಂಗಕ್ಕೆ ಹೋದರು, ಪ್ರಯೋಗಾಲಯ ಬರಿದಾಯಿತು. ಅವರ ಹೃದಯ ಸೋಲುತ್ತಾ ಬಂತು. ಕೊನೆಯ ತಿಂಗಳುಗಳಲ್ಲಿ ಅವರನ್ನು ಪಾಸ್ಚರ್ ವಾಸವಾಗಿದ್ದ ಕೋಣೆಗಳಿಗೇ ತಂದು ಮಲಗಿಸಿದರು. ತಮ್ಮ ಕಾಯಿಲೆಯ ಲಕ್ಷಣಗಳನ್ನು ತಾವೇ ಗಮನಿಸಿ ಬರೆಸುತ್ತಿದ್ದರು. ಸತ್ತ ಮೇಲೆ ದೇಹವನ್ನು ಕೊಯ್ದು ಕರುಳನ್ನು ಚೆನ್ನಾಗಿ ನೋಡಬೇಕೆಂದು ಜೊತೆಗಿದ್ದ ವೈದ್ಯಮಿತ್ರರಿಗೆ ಹೇಳಿಟ್ಟಿದ್ದರು. ಚಿಕ್ಕಂದಿನಲ್ಲಿ ನೋವು ನೋಡಲಾರ ಅಂತ ತಾಯಿ ವೈದ್ಯಕೀಯಕ್ಕೆ ಕಳಿಸದ ಹುಡುಗ 1916ರ ಜುಲೈಯಲ್ಲಿ, 71ನೇ ವಯಸ್ಸಿನಲ್ಲಿ ತೀರಿಕೊಂಡರು. ದಹನದ ನಂತರ ಬೂದಿಯ ಪಾತ್ರೆಯನ್ನು ಪಾಸ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ, ಪುಸ್ತಕಗಳ ನಡುವೆ ಇಟ್ಟರು.